ಎಲ್ಲರ ಮನೆಗೂ ವಿದ್ಯುತ್ ಕಾರು ಬಂದರೆ ಬೀದಿಯ ಟಿ.ಸಿ. ತಡೆಯುತ್ತದೆಯೇ?

ನಮ್ಮ ಸೋದರಮಾವನದು ಚನ್ನಗಿರಿ ತಾಲ್ಲೂಕು. ಅಡಿಕೆ ತೋಟ, ಎರಡು ಕೊಳವೆಬಾವಿ, ಮೂವತ್ತು ವರ್ಷಗಳಿಂದ ಕರೆಂಟಿನ ಜೊತೆ ಗುದ್ದಾಟ. ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ನಮ್ಮ ಮನೆಗೆ ಬಂದಿದ್ದಾಗ ಸಂಜೆ ಜಗುಲಿಯಲ್ಲಿ ಕೂತು ಎದುರು ಮನೆಯ ಕಾರನ್ನೇ ನೋಡುತ್ತಿದ್ದರು. ಗೋಡೆಯ ಪೆಟ್ಟಿಗೆಯಿಂದ ಹೊರಟ ದಪ್ಪ ಕೇಬಲ್ ಕಾರಿನ ಮೂತಿಗೆ ಸಿಕ್ಕಿಕೊಂಡಿತ್ತು.

“ಇದು ಎಷ್ಟು ಎಚ್‌ಪಿ?” ಎಂದು ಕೇಳಿದರು.

ಕಾರಿನ ಮೋಟರಿನ ವಿಚಾರ ಎಂದುಕೊಂಡು ನಾನು ಏನೋ ಹೇಳತೊಡಗಿದೆ. “ಅದಲ್ಲಪ್ಪ, ಗೋಡೆಯಿಂದ ಎಳೆಯುತ್ತಿದೆಯಲ್ಲ, ಅದು ಎಷ್ಟು ಎಚ್‌ಪಿ?”

ವಿದ್ಯುತ್ ವಾಹನಗಳ ಬಗ್ಗೆ ನಾನು ಓದಿದ, ಕೇಳಿದ ಎಷ್ಟೋ ವಾದಗಳಲ್ಲಿ ಇಷ್ಟು ನೇರವಾದ ಪ್ರಶ್ನೆ ಬಂದದ್ದನ್ನು ಕಂಡಿಲ್ಲ. ಒಂದು ಎಚ್‌ಪಿ ಎಂದರೆ 746 ವಾಟ್. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದ ಕಾರು ಸುಮಾರು 3 ಕಿಲೋವಾಟ್ ಎಳೆಯುತ್ತದೆ. ಅದು ನಾಲ್ಕು ಎಚ್‌ಪಿ ಪಂಪು. ಎದುರು ಮನೆಯವರ ಹಾಗೆ ಗೋಡೆಗೆ ಪ್ರತ್ಯೇಕ ಚಾರ್ಜರ್ ಪೆಟ್ಟಿಗೆ ಕೂಡಿಸಿಕೊಂಡರೆ 7 ಕಿಲೋವಾಟ್ ದಾಟುತ್ತದೆ, ಹೆಚ್ಚುಕಡಿಮೆ ಹತ್ತು ಎಚ್‌ಪಿ. ಇದನ್ನು ಹೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಿಮ್ಮ ಬೀದಿಯಲ್ಲಿ ಒಂದು ಬೋರು ಎದ್ದ ಹಾಗಾಯಿತು” ಎಂದರು.

ಅವರು ಹೇಳಿದ್ದು ಹೋಲಿಕೆಯಷ್ಟೇ ಅಲ್ಲ, ಈ ಇಡೀ ವಿಷಯವನ್ನು ಅರ್ಥ ಮಾಡಿಕೊಳ್ಳುವ ದಾರಿಯೂ ಹೌದು. ದಾವಣಗೆರೆ, ಚಿತ್ರದುರ್ಗದ ಜನ ವಿದ್ಯುತ್ ಜಾಲದ ಮೇಲೆ ಹೊಸದೊಂದು ದೊಡ್ಡ ಹೊರೆ ಬಂದು ಕೂತದ್ದನ್ನು ಒಮ್ಮೆ ಆಗಲೇ ಕಂಡವರು. ಆಗ ಕೊಳವೆಬಾವಿಯ ರೂಪದಲ್ಲಿ ಬಂದದ್ದು ಈಗ ಕಾರಿನ ರೂಪದಲ್ಲಿ ಬರುತ್ತಿದೆ.

ಅಡುಗೆ ಸಾಕು, ಎಲೆ ಸಾಲದು

ವಿದ್ಯುತ್ ಕಾರಿನ ಮಾತು ಬಂದಾಗ ಎರಡು ಗುಂಪು ಹುಟ್ಟಿಕೊಳ್ಳುತ್ತವೆ. “ಇರುವ ಮನೆಗಳಿಗೇ ಕರೆಂಟಿಲ್ಲ, ಕಾರಿಗೆ ಎಲ್ಲಿಂದ ತರುತ್ತೀರಿ?” ಎನ್ನುವುದು ಒಂದು. “ಹಗಲು ಸೌರ ವಿದ್ಯುತ್ತು ಮಿಕ್ಕು ಹೋಗುತ್ತಿದೆ, ಚಿಂತೆ ಏಕೆ?” ಎನ್ನುವುದು ಇನ್ನೊಂದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಒಬ್ಬರು ಮಾತಾಡುತ್ತಿರುವ ವಸ್ತುವಿನ ಬಗ್ಗೆ ಇನ್ನೊಬ್ಬರು ಮಾತಾಡುತ್ತಿಲ್ಲ.

ಮದುವೆ ಮನೆಯ ಊಟವನ್ನು ನೆನೆಸಿಕೊಳ್ಳಿ. ಸಾವಿರ ಜನಕ್ಕೆ ಅಡುಗೆ ಆಗಿದೆ, ಕೊಪ್ಪರಿಗೆಗಳು ತುಂಬಿವೆ. ಊಟದ ಹಾಲಿನಲ್ಲಿ ಒಂದು ಪಂಕ್ತಿಗೆ ಇನ್ನೂರು ಎಲೆ. ಜನ ಒಬ್ಬರ ಹಿಂದೆ ಒಬ್ಬರು ಬಂದರೆ ಐದು ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುತ್ತದೆ. ತಾಳಿ ಕಟ್ಟಿದ ತಕ್ಷಣ ಸಾವಿರ ಜನರೂ ಮೊದಲ ಪಂಕ್ತಿಗೇ ನುಗ್ಗಿದರೆ, ಅಡುಗೆ ಇದ್ದಷ್ಟೇ ಇದ್ದರೂ ಬಾಗಿಲಲ್ಲಿ ನೂಕುನುಗ್ಗಲು. ವಿದ್ಯುತ್ತಿನಲ್ಲಿ ಅಡುಗೆಯ ಅಳತೆ ಯೂನಿಟ್, ಒಂದು ಕಿಲೋವಾಟ್ ಒಂದು ಗಂಟೆ ಎಳೆದರೆ ಒಂದು ಯೂನಿಟ್. ಎಲೆಗಳ ಅಳತೆ ಕಿಲೋವಾಟ್, ಅಂದರೆ ಒಂದು ಗಳಿಗೆಯಲ್ಲಿ ಎಷ್ಟು ಎಳೆಯಬಹುದು ಎನ್ನುವುದು. ತಿಂಗಳ ಬಿಲ್ಲಿನಲ್ಲಿ ನಮ್ಮ ಕಣ್ಣು ಹೋಗುವುದು ಯೂನಿಟ್ಟಿನ ಮೇಲೆ. ಆದರೆ ತಂತಿ ಬಿಸಿಯಾಗುವುದು, ಫ್ಯೂಸ್ ಹೋಗುವುದು, ಟಿ.ಸಿ. ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಡುವುದು ಕಿಲೋವಾಟ್ ಹೆಚ್ಚಾದಾಗ.

ಮೊದಲು ಅಡುಗೆಯ ಲೆಕ್ಕ. 2011ರ ಜನಗಣತಿಯಂತೆ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಮುಂದೊಂದು ದಿನ ಊರಿನಲ್ಲಿ 50 ಸಾವಿರ ವಿದ್ಯುತ್ ಕಾರುಗಳಿವೆ ಎಂದುಕೊಳ್ಳೋಣ. ಇದು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆ, ಭವಿಷ್ಯವಾಣಿಯಲ್ಲ. ಪಿ.ಜೆ. ಬಡಾವಣೆಯಿಂದ ಹೊರಟು ಕಚೇರಿ, ಮಾರುಕಟ್ಟೆ, ಮಕ್ಕಳ ಶಾಲೆ ಎಂದು ಸುತ್ತಿ ವಾರಕ್ಕೊಮ್ಮೆ ಹರಿಹರಕ್ಕೆ ಹೋಗಿಬಂದರೂ ಒಂದು ಕಾರು ದಿನಕ್ಕೆ ಸರಾಸರಿ 30 ಕಿಲೋಮೀಟರ್ ದಾಟುವುದು ಕಷ್ಟ. ನಮ್ಮಲ್ಲಿ ಓಡುವ ಸಾಧಾರಣ ವಿದ್ಯುತ್ ಕಾರು ಒಂದು ಯೂನಿಟ್ಟಿಗೆ ಆರರಿಂದ ಎಂಟು ಕಿಲೋಮೀಟರ್ ಹೋಗುತ್ತದೆ. ಚಾರ್ಜ್ ಆಗುವಾಗಿನ ನಷ್ಟ ಸೇರಿಸಿದರೂ ಕಾರಿಗೆ ದಿನಕ್ಕೆ ಐದು ಯೂನಿಟ್. ಊರಿಗೆ ಒಟ್ಟು ಎರಡೂವರೆ ಲಕ್ಷ ಯೂನಿಟ್.

ಕೇಳಿದರೆ ದೊಡ್ಡದೆನಿಸುತ್ತದೆ. ಆದರೆ ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿ. ಎರಡು ಮೆಗಾವಾಟಿನ, ಅಂದರೆ ಎರಡು ಸಾವಿರ ಕಿಲೋವಾಟಿನ ಒಂದು ಯಂತ್ರ ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಕಾಲು ಭಾಗ ಉತ್ಪಾದಿಸಿತು ಎಂದರೂ ದಿನಕ್ಕೆ 12 ಸಾವಿರ ಯೂನಿಟ್ ಕೊಡುತ್ತದೆ. ದಾರಿಯಲ್ಲಿ ತಂತಿ ನುಂಗುವುದನ್ನೂ ಸೇರಿಸಿ ಇಪ್ಪತ್ತೈದು ಯಂತ್ರಗಳಿದ್ದರೆ ಊರಿನ ಆ 50 ಸಾವಿರ ಕಾರುಗಳ ಹೊಟ್ಟೆ ತುಂಬುತ್ತದೆ. ಹೆದ್ದಾರಿಯಲ್ಲಿ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಎಷ್ಟು ಯಂತ್ರ ಕಾಣುತ್ತವೆ ಎಂದು ಎಣಿಸಿದವರಿಗೆ ಇಪ್ಪತ್ತೈದು ಎಂದರೆ ಎಷ್ಟೆಂದು ಗೊತ್ತು.

ಇನ್ನೊಂದು ಹೋಲಿಕೆ. ಒಂದೂವರೆ ಟನ್ನಿನ ಎ.ಸಿ. ರಾತ್ರಿಯಿಡೀ ಎಂಟು ಗಂಟೆ ಓಡಿದರೆ ಆರೇಳು ಯೂನಿಟ್ ತಿನ್ನುತ್ತದೆ. ಅಂದರೆ ಕಾರಿನ ದಿನದ ಓಡಾಟಕ್ಕಿಂತ ಮಲಗುವ ಕೋಣೆಯ ತಂಪಿಗೆ ಹೆಚ್ಚು ಖರ್ಚು. ಬೇಸಿಗೆಯಲ್ಲಿ ಅಂಗಡಿಗಳ ಮುಂದೆ ಎ.ಸಿ. ಪೆಟ್ಟಿಗೆಗಳು ಸಾಲುಗಟ್ಟುತ್ತವೆ, ಯಾರೂ “ಜಾಲ ತಡೆಯುತ್ತದೆಯೇ?” ಎಂದು ಕೇಳುವುದಿಲ್ಲ. ಕಾರಿನ ವಿಚಾರದಲ್ಲಿ ಮಾತ್ರ ನಮಗೆ ಈ ಕಾಳಜಿ ಏಕೆ ಉಕ್ಕುತ್ತದೆಯೋ!

ಇನ್ನು ಎಲೆಗಳ ಲೆಕ್ಕ. ಎರಡೂವರೆ ಲಕ್ಷ ಯೂನಿಟ್ಟನ್ನು ಇಪ್ಪತ್ತನಾಲ್ಕು ಗಂಟೆಗೆ ಸಮವಾಗಿ ಹಂಚಿದರೆ ಬೇಕಾಗುವುದು ಹತ್ತು ಮೆಗಾವಾಟ್ ಚಿಲ್ಲರೆ. ಅದೇ 50 ಸಾವಿರ ಕಾರುಗಳು ಸಂಜೆ ಏಳಕ್ಕೆ ಮನೆ ಸೇರಿ, ಎಲ್ಲರೂ ಚಪ್ಪಲಿ ಬಿಡುವ ಮೊದಲೇ 7 ಕಿಲೋವಾಟಿನ ಚಾರ್ಜರಿಗೆ ಚುಚ್ಚಿದರೆ 350 ಮೆಗಾವಾಟ್. ಕಾರುಗಳೂ ಅವೇ, ಯೂನಿಟ್ಟೂ ಅಷ್ಟೇ, ಆದರೆ ಹೊರೆ ಹೆಚ್ಚುಕಡಿಮೆ ಮೂವತ್ತನಾಲ್ಕು ಪಟ್ಟು. ಜಾಲ ತಡೆಯುತ್ತದೆಯೇ ಎಂಬ ಪ್ರಶ್ನೆಗೆ ತಡೆಯುತ್ತದೆ, ತಡೆಯುವುದಿಲ್ಲ ಎಂಬ ಎರಡೂ ಉತ್ತರಗಳು ಈ ಹತ್ತು ಮತ್ತು ಮುನ್ನೂರೈವತ್ತರ ನಡುವೆ ಇವೆ.

ಹೆದ್ದಾರಿ ಅಗಲ, ಓಣಿ ಇಕ್ಕಟ್ಟು

ವಿದ್ಯುತ್ತು ಬರುವ ದಾರಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡೋಣ. ಮೇಲ್ತುದಿಯಲ್ಲಿ ನಮ್ಮ ಸೀಮೆ ಬಡವಾಗಿಲ್ಲ. ಚಳ್ಳಕೆರೆಯ ಮಗ್ಗುಲಿನ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಹಿರಿಯೂರಿನಲ್ಲೂ ಹರಿಹರದ ಬಳಿಯ ಗುತ್ತೂರಿನಲ್ಲೂ 400 ಕೆ.ವಿ. (ಒಂದು ಕೆ.ವಿ. ಎಂದರೆ ಸಾವಿರ ವೋಲ್ಟ್) ಸ್ಟೇಷನ್ನುಗಳಿವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ನಡುವಿನ 765 ಕೆ.ವಿ. ಮಾರ್ಗ ದಕ್ಷಿಣದ ಜಾಲವನ್ನು ದೇಶದ ಉಳಿದ ಜಾಲಕ್ಕೆ ಬೆಸೆಯಿತು. ಅಲ್ಲಿಂದೀಚೆಗೆ ರಾಜಸ್ಥಾನದ ಬಿಸಿಲೂ ನಮ್ಮ ಮನೆಯ ದೀಪಕ್ಕೆ ಬರಬಹುದು. ದೇಶದ ಗರಿಷ್ಠ ಬೇಡಿಕೆ 2024ರ ಮೇ 30ರಂದು 2.5 ಲಕ್ಷ ಮೆಗಾವಾಟ್ ಮುಟ್ಟಿತು, ಜಾಲ ಕುಸಿಯಲಿಲ್ಲ. ಕರ್ನಾಟಕದ್ದೇ 2025ರ ಬೇಸಿಗೆಯಲ್ಲಿ 18 ಸಾವಿರ ಮೆಗಾವಾಟ್ ದಾಟಿತು. ಇಂಥ ಕಡಲಿಗೆ ನಮ್ಮ ಊರಿನ ಕಾರುಗಳ ಹತ್ತು ಮೆಗಾವಾಟ್ ಒಂದು ಬಿಂದಿಗೆ.

ಹಾಗೆಂದು ಮೇಲ್ತುದಿಯಲ್ಲಿ ಚಿಂತೆಯೇ ಇಲ್ಲವೆಂದಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ಅಕ್ಟೋಬರಿನಲ್ಲೇ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡತೊಡಗಿದಾಗ, ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆಯಿಂದ ಐದು ಗಂಟೆಗೆ ಇಳಿದದ್ದು ರೈತರಿಗೆ ಮರೆತಿಲ್ಲ. ಅಂಥ ವರ್ಷ ಕಾರಿದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ.

ಮೇಲಿನಿಂದ ಇಳಿಯುತ್ತ ಬಂದ ಹಾಗೆ ದಾರಿ ಕಿರಿದಾಗುತ್ತದೆ. 400 ಕೆ.ವಿ.ಯಿಂದ 220, ಅಲ್ಲಿಂದ 66, ಆಮೇಲೆ ಸ್ಟೇಷನ್ನಿನಿಂದ ಬಡಾವಣೆಗಳ ಕಡೆಗೆ ಹೊರಡುವ 11 ಕೆ.ವಿ. ಮಾರ್ಗ, ಅಂದರೆ ಫೀಡರ್. ಕೊನೆಗೆ ಬೀದಿಯ ಮೂಲೆಯಲ್ಲಿ ಎರಡು ಕಂಬಗಳ ನಡುವೆ ಕೂತ ಬೂದು ಬಣ್ಣದ ಡಬ್ಬ. ಸರ್ಕಾರಿ ಕಡತಗಳಲ್ಲಿ ಅದು ವಿತರಣಾ ಪರಿವರ್ತಕ. ನಮಗೆಲ್ಲ ಟಿ.ಸಿ. ಜಾಲದ ಉಳಿದ ಭಾಗಗಳನ್ನು ಹಗಲಿರುಳು ಕಂಪ್ಯೂಟರ್ ಪರದೆಗಳ ಮೇಲೆ ಕಾಯುವವರಿದ್ದಾರೆ. ಟಿ.ಸಿ.ಯನ್ನು ನೋಡುವವರು ಬಹುಮಟ್ಟಿಗೆ ಅದರ ಕೆಳಗೆ ತರಕಾರಿ ಗಾಡಿ ನಿಲ್ಲಿಸುವವರು ಮಾತ್ರ. ಕಾರಿನ ಸಮಸ್ಯೆ ಬರುವುದಾದರೆ ಮೊದಲು ಬರುವುದು ಇಲ್ಲಿಗೇ.

ಲೆಕ್ಕ ಹಾಕೋಣ. ಟಿ.ಸಿ.ಯ ಮೈಮೇಲಿನ ತಗಡಿನ ಫಲಕದಲ್ಲಿ 25, 63, 100, 250 ಎಂಬಂಥ ಸಂಖ್ಯೆ ಇರುತ್ತದೆ. ಅದು ಕೆವಿಎ. ಸ್ಥೂಲವಾಗಿ ಕಿಲೋವಾಟ್ ಎಂದೇ ತಿಳಿದುಕೊಳ್ಳಿ, ತಪ್ಪು ದೊಡ್ಡದಾಗದು. 100 ಕೆವಿಎ ಟಿ.ಸಿ.ಗೆ ಅರವತ್ತು ಮನೆ. ಸಂಜೆ ದೀಪ, ಫ್ಯಾನು, ಟಿ.ವಿ., ಫ್ರಿಡ್ಜ್, ಅಲ್ಲೊಂದು ಇಲ್ಲೊಂದು ಎ.ಸಿ. ಎಲ್ಲ ಸೇರಿ ಮನೆಗೆ ಸರಾಸರಿ ಒಂದು ಕಿಲೋವಾಟ್, ಒಟ್ಟು ಅರವತ್ತು. ಟಿ.ಸಿ. ಆರಾಮವಾಗಿದೆ. ಆರು ಮನೆಗೊಂದರಂತೆ ಹತ್ತು ಕಾರು ಬಂದು ಸಾಧಾರಣ ಸಾಕೆಟ್ಟಿನಲ್ಲಿ ಚಾರ್ಜ್ ಆದರೆ ಇನ್ನು ಮೂವತ್ತು. ತೊಂಬತ್ತಕ್ಕೆ ಬಂತು, ಬೆವರುತ್ತದೆ, ಬೀಳುವುದಿಲ್ಲ. ಅದೇ ಹತ್ತು ಕಾರು 7 ಕಿಲೋವಾಟಿನ ಪೆಟ್ಟಿಗೆಯಲ್ಲಿ ಒಟ್ಟಿಗೆ ನಿಂತರೆ ನೂರಮೂವತ್ತು. ಅಲ್ಲಿಗೆ ಮಿತಿ ದಾಟಿತು.

ದಾಟಿದ ಗಳಿಗೆಯಲ್ಲೇ ಢಮ್ ಎನ್ನುವುದಿಲ್ಲ. ಟಿ.ಸಿ. ಬಹಳ ಸಹನೆಯ ಪ್ರಾಣಿ. ಒಳಗಿನ ತಾಮ್ರದ ಅಥವಾ ಅಲ್ಯೂಮಿನಿಯಂ ಸುರುಳಿಗಳಿಗೆ ಕಾಗದ ಸುತ್ತಿ ಎಣ್ಣೆಯಲ್ಲಿ ಮುಳುಗಿಸಿಟ್ಟಿರುತ್ತಾರೆ. ಒಂದೆರಡು ಗಂಟೆ ಹೊರೆ ಮೀರಿದರೂ ಎಣ್ಣೆ ಶಾಖವನ್ನು ಹೀರಿಕೊಂಡು ನಿಧಾನವಾಗಿ ಹೊರಗೆ ಬಿಡುತ್ತದೆ. ಸವೆಯುವುದು ಕಾಗದ. ಒಂದು ಮಟ್ಟ ದಾಟಿದ ಮೇಲೆ ಸುರುಳಿಯ ಬಿಸಿ ಪ್ರತಿ 6 ಡಿಗ್ರಿ ಏರಿದಂತೆ ಕಾಗದ ಮುಪ್ಪಾಗುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎನ್ನುವುದು ಈ ವಿದ್ಯೆಯವರ ಹಳೆಯ ಲೆಕ್ಕ. ಇಪ್ಪತ್ತೈದು ವರ್ಷ ಬಾಳಬೇಕಾದದ್ದು ಹತ್ತಕ್ಕೇ ಮುಗಿಯಬಹುದು. ಇಲ್ಲೊಂದು ಸೂಕ್ಷ್ಮವಿದೆ. ಇಷ್ಟು ದಿನ ಟಿ.ಸಿ.ಗಳಿಗೆ ರಾತ್ರಿ ನಿದ್ದೆ ಇತ್ತು. ಹತ್ತೂವರೆಯ ಮೇಲೆ ಊರು ಮಲಗಿದಾಗ ಅವೂ ತಣ್ಣಗಾಗುತ್ತಿದ್ದವು. ಎಲ್ಲರೂ ರಾತ್ರಿಯಿಡೀ ಕಾರು ಚಾರ್ಜ್ ಮಾಡಿದರೆ ಆ ನಿದ್ದೆಯೂ ಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ಮಧ್ಯರಾತ್ರಿಯಾದರೂ ಗೋಡೆ ಬೆಚ್ಚಗೇ ಇರುವ ನಮ್ಮ ಊರಿನಲ್ಲಿ ಇದು ಸಣ್ಣ ವಿಚಾರವಲ್ಲ.

ಇದಕ್ಕೆ ಸಮಾಧಾನ ಹೇಳುವ ಒಂದು ಸಂಗತಿಯೂ ಇದೆ. 40 ಯೂನಿಟ್ಟಿನ ಬ್ಯಾಟರಿ ಇರುವ ಕಾರು ಒಮ್ಮೆ ತುಂಬಿದರೆ 250 ಕಿಲೋಮೀಟರಿನಷ್ಟು ಓಡುತ್ತದೆ. ದಿನಕ್ಕೆ ಮೂವತ್ತು ಓಡುವವರು ವಾರಕ್ಕೊಮ್ಮೆ ಚುಚ್ಚಿದರೆ ಸಾಕು. ದಿನವೂ ಚುಚ್ಚುವುದಾದರೆ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಹೀಗಾಗಿ ಹತ್ತು ಕಾರುಗಳಿರುವ ಬೀದಿಯಲ್ಲಿ ಒಂದು ಗಳಿಗೆಯಲ್ಲಿ ಎಳೆಯುತ್ತಿರುವುದು ಎರಡೋ ಮೂರೋ ಮಾತ್ರ. ಗೀಸರಿನದೂ ಇದೇ ಕಥೆ. 3 ಕಿಲೋವಾಟಿನ ಇನ್‌ಸ್ಟಂಟ್ ಗೀಸರ್ ಸಾಕೆಟ್ಟಿನಲ್ಲಿ ಚಾರ್ಜ್ ಆಗುವ ಕಾರಿನಷ್ಟೇ ಎಳೆಯುತ್ತದೆ. ಬೀದಿಯ ಅರವತ್ತೂ ಮನೆಗಳಲ್ಲಿದ್ದರೂ ಟಿ.ಸಿ. ಸುಡುವುದಿಲ್ಲ. ಒಬ್ಬರ ಸ್ನಾನ ಆರಕ್ಕೆ, ಒಬ್ಬರದು ಎಂಟಕ್ಕೆ, ಅದೂ ಐದೇ ನಿಮಿಷ. ಕಾರು ಗೀಸರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ ಎನ್ನುವುದಷ್ಟೇ ವ್ಯತ್ಯಾಸ. ಆ ವ್ಯತ್ಯಾಸವೇ ಮುಖ್ಯ, ಹೊತ್ತು ಹೆಚ್ಚಾದಷ್ಟೂ ಒಬ್ಬರ ಸರದಿಯ ಮೇಲೆ ಇನ್ನೊಬ್ಬರದು ಬಂದು ಬೀಳುತ್ತದೆ.

ಇನ್ನೊಂದು ತೊಡಕು ಫೇಸಿನದು. ಟಿ.ಸಿ.ಯಿಂದ ಮೂರು ಫೇಸ್, ಅಂದರೆ ಕರೆಂಟು ಹೊತ್ತ ಮೂರು ಬೇರೆ ಬೇರೆ ತಂತಿ ಹೊರಡುತ್ತವೆ, ಮನೆಗಳನ್ನು ಮೂರಕ್ಕೂ ಹಂಚಿರುತ್ತಾರೆ. ಮನೆಯ ಕಾರು ಚಾರ್ಜರುಗಳು ಹೆಚ್ಚಾಗಿ ಸಿಂಗಲ್ ಫೇಸ್. ಕಾರು ಕೊಂಡ ನಾಲ್ಕೂ ಮನೆಗಳು ದೈವಯೋಗದಿಂದ ಒಂದೇ ಫೇಸಿನಲ್ಲಿದ್ದರೆ, ಟಿ.ಸಿ.ಯಲ್ಲಿ ಒಟ್ಟಾರೆ ಜಾಗವಿದ್ದರೂ ಆ ಫೇಸಿನ ಕೊನೆಯ ಮನೆಯಲ್ಲಿ ಟ್ಯೂಬ್‌ಲೈಟ್ ಮಿಣುಕುತ್ತದೆ. ಲೈನ್‌ಮನ್ ಕಂಬ ಹತ್ತಿ ಎರಡು ಮನೆಗಳನ್ನು ಪಕ್ಕದ ಫೇಸಿಗೆ ಬದಲಾಯಿಸಿದರೆ ಸರಿಹೋಗುತ್ತದೆ. ಖರ್ಚಿಲ್ಲದ ಪರಿಹಾರ, ಆದರೆ ಯಾವ ಮನೆಯಲ್ಲಿ ಕಾರಿದೆ ಎಂದು ಲೈನ್‌ಮನ್‌ಗೆ ಗೊತ್ತಿರಬೇಕು.

ಬೋರು ಕಲಿಸಿದ ಪಾಠ

ಮಾವನ ತೋಟಕ್ಕೆ ಮರಳೋಣ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್ಟುಗಳಿವೆ. ರಾಜ್ಯ ಬಳಸುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಅವಕ್ಕೇ ಹೋಗುತ್ತದೆ. ಒಂದೊಂದೂ ಐದು, ಏಳೂವರೆ, ಹತ್ತು ಎಚ್‌ಪಿ. ಮನೆಗೊಂದು ಬೋರು ಕೊರೆಸಿದ ಕಾಲದಲ್ಲಿ “ಜಾಲ ತಡೆಯುತ್ತದೆಯೇ?” ಎಂದು ಯಾರೂ ಲೇಖನ ಬರೆಯಲಿಲ್ಲ. ಬಿದ್ದು ಎದ್ದು ಕಲಿತರು.

ಕಲಿತ ಮೊದಲ ಸಂಗತಿ, ಕಾಣದ ಹೊರೆ ಅಪಾಯಕಾರಿ. ಐದು ಎಚ್‌ಪಿಗೆ ಅನುಮತಿ ಪಡೆದು ಹತ್ತು ಎಚ್‌ಪಿ ಇಳಿಸಿದವರು, ಅನುಮತಿಯೇ ಇಲ್ಲದೆ ತಂತಿ ಹಾಕಿದವರು ಎಲ್ಲ ಸೇರಿ, ಕಾಗದದಲ್ಲಿ ಆರು ಪಂಪಿದ್ದ ಟಿ.ಸಿ.ಯ ಮೇಲೆ ಹೊಲದಲ್ಲಿ ಹನ್ನೆರಡು ಕೂತವು. ಟಿ.ಸಿ. ಕಾಗದ ನೋಡಿ ಕೆಲಸ ಮಾಡುವುದಿಲ್ಲ, ಸುಟ್ಟಿತು. ಬೆಳೆ ಒಣಗುವ ಹೊತ್ತಿಗೆ ಸುಟ್ಟ ಟಿ.ಸಿ.ಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಅಲೆದವರನ್ನು ಕೇಳಿದರೆ ಆ ಕಥೆ ಮುಗಿಯುವುದಿಲ್ಲ. ಅಕ್ರಮ-ಸಕ್ರಮ ಎಂದು ಯೋಜನೆ ತಂದು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಾಯಿತು. ಕಾರಿನಲ್ಲೂ ಇದೇ ಆಗುತ್ತಿದೆ. ಎರಡು ಕಿಲೋವಾಟ್ ಮಂಜೂರಾದ ಹಳೆಯ ಮನೆಯಲ್ಲಿ ಯಾರಿಗೂ ಹೇಳದೆ ಕಾರನ್ನು ಸಾಕೆಟ್ಟಿಗೆ ಚುಚ್ಚಿದರೆ ಅದೂ ಕಾಗದದಲ್ಲಿಲ್ಲದ ಪಂಪೇ.

ಎರಡನೆಯದು ಆಟೊ ಸ್ಟಾರ್ಟರ್. ನಡುರಾತ್ರಿ ತ್ರೀ ಫೇಸ್ ಬಂದರೆ ಎದ್ದು ತೋಟಕ್ಕೆ ಹೋಗುವವರು ಯಾರು? ಹಾವು, ಚಿರತೆ, ಕತ್ತಲು. ಕರೆಂಟು ಬಂದ ತಕ್ಷಣ ಪಂಪು ತಾನೇ ಚಾಲೂ ಆಗುವ ಪೆಟ್ಟಿಗೆಯನ್ನು ಎಲ್ಲರೂ ಹಾಕಿಸಿದರು. ಪ್ರತಿಯೊಬ್ಬರಿಗೂ ಅದು ಸರಿಯಾದ ನಿರ್ಧಾರವೇ ಆಗಿತ್ತು. ಎಲ್ಲರದೂ ಸೇರಿದಾಗ ಫೀಡರಿಗೆ ಏಟು ಬಿತ್ತು. ಮೋಟರ್ ಎದ್ದೇಳುವಾಗ ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ನೂರಾರು ಮೋಟರುಗಳು ಒಂದೇ ಸೆಕೆಂಡಿನಲ್ಲಿ ಎದ್ದರೆ ಸ್ಟೇಷನ್ನಿನಲ್ಲೇ ಫೀಡರ್ ಟ್ರಿಪ್. ಈ ಒಂದು ವಿಷಯದಲ್ಲಿ ಕಾರು ಪಂಪಿಗಿಂತ ಸಾಧು, ಅದರ ಚಾರ್ಜರ್ ಹೊರೆಯನ್ನು ಮೆಲ್ಲಗೆ ಏರಿಸುತ್ತದೆ, ಜಿಗಿಯುವುದಿಲ್ಲ.

ಆದರೆ ಆಟೊ ಸ್ಟಾರ್ಟರಿನ ಪಾಠ ಇನ್ನೊಂದು ರೂಪದಲ್ಲಿ ಬರುತ್ತದೆ. ರಾತ್ರಿ ಹತ್ತರ ಮೇಲೆ ವಿದ್ಯುತ್ ಅಗ್ಗ ಎಂದು ಸಾರಿದರೆ, ಎಲ್ಲರೂ ಮೊಬೈಲಿನಲ್ಲಿ ಹತ್ತಕ್ಕೇ ಟೈಮರ್ ಇಡುತ್ತಾರೆ. ಸಂಜೆ ಏಳರ ನೂಕುನುಗ್ಗಲು ರಾತ್ರಿ ಹತ್ತಕ್ಕೆ ವರ್ಗವಾಗುತ್ತದೆ, ಅಷ್ಟೇ. ಬ್ರಿಟನ್ನಿನವರು ಇದನ್ನು ಮೊದಲೇ ಯೋಚಿಸಿದರು. 2022ರ ಜೂನ್ 30ರಿಂದ ಅಲ್ಲಿ ಮಾರಾಟವಾಗುವ ಮನೆ ಚಾರ್ಜರುಗಳು ಶುರುವಾಗುವ ಹೊತ್ತನ್ನು ಹತ್ತು ನಿಮಿಷದವರೆಗೆ ತಮ್ಮಷ್ಟಕ್ಕೆ ಮುಂದೂಡಿಕೊಳ್ಳಬೇಕು ಎಂದು ನಿಯಮ ತಂದರು. ಒಂದೊಂದು ಮನೆಯ ಚಾರ್ಜರ್ ಒಂದೊಂದು ಗಳಿಗೆಗೆ ಎದ್ದೇಳುತ್ತದೆ. ಈ ವಿಷಯ ಹೇಳಿದಾಗ ಮಾವ, “ಇಷ್ಟು ಬುದ್ಧಿ ನಮ್ಮ ಸ್ಟಾರ್ಟರಿಗೆ ಇದ್ದಿದ್ದರೆ ನಮ್ಮೂರಿನ ಟಿ.ಸಿ. ಮೂರು ಸಲ ಸುಡುತ್ತಿರಲಿಲ್ಲ” ಎಂದರು.

ಮೂರನೆಯದು, ಬೇರ್ಪಡಿಸುವುದು. ಮೊದಲೆಲ್ಲ ಊರಿನ ಮನೆಗಳಿಗೂ ತೋಟದ ಪಂಪುಗಳಿಗೂ ಒಂದೇ ಫೀಡರ್. ಪಂಪು ನಿಲ್ಲಿಸಬೇಕೆಂದರೆ ಊರಿಡೀ ಕತ್ತಲು. ನಿರಂತರ ಜ್ಯೋತಿ ಯೋಜನೆಯಲ್ಲಿ ಎರಡಕ್ಕೂ ಬೇರೆ ಬೇರೆ ಫೀಡರ್ ಎಳೆದರು. ಪಂಪುಗಳ ಹೊತ್ತನ್ನು ಬೇಕಾದ ಕಡೆಗೆ ಸರಿಸುವುದು ಆಗ ಸಾಧ್ಯವಾಯಿತು. ಈಗ ಕುಸುಮ್-ಸಿ ಎಂದು ಸ್ಟೇಷನ್ನಿನ ಬಳಿಯೇ ಸೌರಫಲಕ ಹಾಕಿ ಪಂಪುಗಳಿಗೆ ಹಗಲಿನಲ್ಲೇ ತ್ರೀ ಫೇಸ್ ಕೊಡುವ ಕೆಲಸ ನಡೆದಿದೆ. ಲಕ್ಷಾಂತರ ಪಂಪುಗಳನ್ನು ರಾತ್ರಿಯಿಂದ ಹಗಲಿಗೆ ಎಳೆದು ತರಬಹುದಾದರೆ ಕಾರುಗಳನ್ನೂ ತರಬಹುದು. ಪಂಪಿಗೆ ನೀರು ಬೇಕಾದಾಗಲೇ ಓಡಬೇಕು ಎಂಬ ಹಟವಿದೆ. ಕಾರಿಗೆ ಆ ಹಟವಿಲ್ಲ. ದಿನದಲ್ಲಿ ಇಪ್ಪತ್ತೆರಡು ಗಂಟೆ ಅದು ಸುಮ್ಮನೆ ನಿಂತಿರುತ್ತದೆ.

ನಿಂತಿರುವುದು ಎಲ್ಲಿ ಎನ್ನುವುದೇ ಪೇಚು. ಬಿಸಿಲಿರುವಾಗ ಕಾರು ಕಚೇರಿಯ ಮುಂದೆ, ಕಾಲೇಜಿನ ಮುಂದೆ, ಎಪಿಎಂಸಿ ಅಂಗಳದಲ್ಲಿ ನಿಂತಿರುತ್ತದೆ. ಚಾರ್ಜರ್ ಇರುವುದು ಮನೆಯಲ್ಲಿ. ಕೇಂದ್ರದ 2024ರ ಮಾರ್ಗಸೂಚಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತಿನಲ್ಲಿ 1.3 ಪಟ್ಟು ದರ ಸೂಚಿಸಿದೆ. ದರದ ವ್ಯತ್ಯಾಸ ಚೆನ್ನಾಗಿದೆ, ಆದರೆ ಕಚೇರಿಯ ಅಂಗಳದಲ್ಲಿ ಸಾಕೆಟ್ಟೇ ಇಲ್ಲದಿದ್ದರೆ ಅಗ್ಗದ ದರ ಯಾರಿಗೆ ಬಂತು? ನನ್ನನ್ನು ಕೇಳಿದರೆ, ಊರಿನಲ್ಲಿ ದೊಡ್ಡ ವೇಗದ ಚಾರ್ಜರ್ ಒಂದನ್ನು ಹಾಕಿ ಟೇಪು ಕತ್ತರಿಸುವ ಬದಲು, ಜಿಲ್ಲಾಡಳಿತ ಭವನದಂಥ ಕಡೆ ನೆರಳಿನಡಿ ಐವತ್ತು ಸಾಧಾರಣ ಸಾಕೆಟ್ ಹಾಕಿಸುವುದು ಹೆಚ್ಚು ಉಪಯೋಗ. ಫೋಟೊಕ್ಕೆ ಮಾತ್ರ ಅಷ್ಟು ಚೆನ್ನಾಗಿ ಬರುವುದಿಲ್ಲ.

ಹಗಲು ಏಕೆ ಎಂಬುದಕ್ಕೆ ನಮ್ಮ ಆಕಾಶವೇ ಉತ್ತರ. ಪಾವಗಡದ ಫಲಕಗಳು ಸಂಜೆ ಆರಕ್ಕೆ ಕೈಚೆಲ್ಲುತ್ತವೆ. ಚಿತ್ರದುರ್ಗದ ಜೋಗಿಮಟ್ಟಿಯ ಕಡೆಯ ಗಾಳಿ ಸಂಜೆ ರಾತ್ರಿಯಲ್ಲೂ ಬೀಸುತ್ತದೆ, ಆದರೆ ಅದರ ಭರಾಟೆ ಮುಂಗಾರಿನ ತಿಂಗಳುಗಳಲ್ಲಿ. ಬೇಡಿಕೆ ತಲೆ ಎತ್ತುವ ಮಾರ್ಚ್‌ನಲ್ಲಿ ಗಾಳಿ ಮಂಕು. ಆಗ ಸಂಜೆಯ ಹೊರೆ ಹೊರುವುದು ಶರಾವತಿಯ ನೀರು ಮತ್ತು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು. ಮಾರ್ಚ್ ಸಂಜೆ ಏಳು ಗಂಟೆ, ಜಾಲಕ್ಕೆ ಇದಕ್ಕಿಂತ ಕೆಟ್ಟ ಮುಹೂರ್ತವಿಲ್ಲ. ಕೆಲಸ ಮುಗಿಸಿ ಬಂದವನಿಗೆ ಕಾರು ಚುಚ್ಚಲು ನೆನಪಾಗುವುದೂ ಆಗಲೇ.

ಹೆದ್ದಾರಿಯ ಕಥೆ ಬೇರೆ, ನನಗನ್ನಿಸುವಂತೆ ಸುಲಭದ್ದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಿಗ್ಗೆ ಬೆಂಗಳೂರು ಬಿಟ್ಟ ಕಾರಿಗೆ ಸುಮಾರು ಇನ್ನೂರು ಕಿಲೋಮೀಟರಿನಲ್ಲಿ, ಅಂದರೆ ಹಿರಿಯೂರು–ಚಿತ್ರದುರ್ಗದ ಆಸುಪಾಸಿನಲ್ಲಿ ಹಸಿವಾಗುತ್ತದೆ. ಒಳಗಿರುವವರಿಗೂ ಅದೇ ಹೊತ್ತಿಗೆ ಹಸಿವು. ಕಾರಿಗೆ ಚುಚ್ಚುವ ತಲಾ 60 ಕಿಲೋವಾಟಿನ ಹತ್ತು ಗನ್ನುಗಳಿರುವ ಚಾರ್ಜಿಂಗ್ ಕೇಂದ್ರಕ್ಕೆ 600 ಕಿಲೋವಾಟ್ ಬೇಕು, ಎಂಟುನೂರು ಎಚ್‌ಪಿ. ಇಂಥದ್ದನ್ನು ಯಾರೂ ಬೀದಿಯ ಟಿ.ಸಿ.ಗೆ ಜೋಡಿಸುವುದಿಲ್ಲ. ಸಣ್ಣ ಕಾರ್ಖಾನೆಗೆ ಕೊಟ್ಟ ಹಾಗೆ 11 ಕೆ.ವಿ.ಯಿಂದ ನೇರ ಸಂಪರ್ಕ, ಸ್ವಂತ ಟಿ.ಸಿ. ಅರ್ಜಿ, ಮಂಜೂರಾತಿ, ಲೆಕ್ಕ ಎಲ್ಲವೂ ಕಾಗದದಲ್ಲಿರುತ್ತದೆ. ಹೊರೆ ಬರುವುದೂ ಹೆಚ್ಚಾಗಿ ಹಗಲು. ಬೆಂಗಳೂರಿನಿಂದ ದಾವಣಗೆರೆಗೆ ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸುಗಳು ಬಂದು ಹೋಗುತ್ತಿವೆ. ಒಂದು ಬಸ್ಸಿನ ಹೊಟ್ಟೆ ಹಲವು ಕಾರುಗಳಷ್ಟು ದೊಡ್ಡದು, ಆದರೂ ಅದರಿಂದ ಯಾರ ಮನೆಯ ದೀಪವೂ ಮಂಕಾಗಿಲ್ಲ. ದೊಡ್ಡ ಹೊರೆ ಒಂದೇ ಕಡೆ, ಹೇಳಿ ಕೇಳಿ ಬಂದರೆ ಜಾಲಕ್ಕೆ ಕಷ್ಟವಾಗುವುದಿಲ್ಲ. ಸಣ್ಣ ಹೊರೆಗಳು ಹೇಳದೆ ಕೇಳದೆ ಸಾವಿರ ಕಡೆ ಬರುವುದೇ ಕಷ್ಟ.

ನಾರ್ವೆಯ ಉದಾಹರಣೆ ಎಲ್ಲರೂ ಕೊಡುತ್ತಾರೆ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ ಕಾರುಗಳು, ಜಾಲ ಬೀಳಲಿಲ್ಲ. ನಿಜ. ಆದರೆ ಅಲ್ಲಿ ಚಳಿಗೆ ಮನೆಗಳನ್ನು ವಿದ್ಯುತ್ತಿನಿಂದಲೇ ಬೆಚ್ಚಗಿಡುತ್ತಾರೆ, ಮನೆಗೆ ಹೋಗುವ ತಂತಿ ಮೊದಲೇ ದಪ್ಪ. ಎರಡು ಬಲ್ಬು, ಒಂದು ಫ್ಯಾನಿನ ಲೆಕ್ಕಕ್ಕೆ ಎಳೆದ ತಂತಿಯ ಮೇಲೆ ಬದುಕುತ್ತಿರುವವರು ನಾವು. ನಮಗೆ ಅನುಕೂಲವಾದದ್ದು ಬೇರೆ ಇದೆ, ನಮ್ಮಲ್ಲಿ ಮೊದಲು ಬರುತ್ತಿರುವುದು ಕಾರಲ್ಲ, ಸ್ಕೂಟರ್ ಮತ್ತು ಆಟೊ. ಸ್ಕೂಟರಿನ ಬ್ಯಾಟರಿ ಎರಡರಿಂದ ನಾಲ್ಕು ಯೂನಿಟ್, ಚಾರ್ಜರ್ ಎಳೆಯುವುದು ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ಬೀದಿಯ ಎಲ್ಲ ಮನೆಗಳಲ್ಲೂ ಸ್ಕೂಟರ್ ಬಂದರೆ ಟಿ.ಸಿ. ಗಮನಿಸೀತು, ಗಾಬರಿಯಾಗದು.

ಮೀಟರಿನ ಈಚೆ

ಇಷ್ಟೆಲ್ಲ ಬೀದಿಯವರೆಗಿನ ಮಾತು. ಮನೆಯೊಳಗೆ ಇನ್ನೂ ಒಂದು ಜಾಲವಿದೆ, ಅದರ ಇಂಜಿನಿಯರ್ ನಾವೇ. ನನ್ನ ಸ್ನೇಹಿತರೊಬ್ಬರು ಹೊಸ ಕಾರು ತಂದು ಪೂಜೆ ಮಾಡಿ ಚಾರ್ಜಿಗೆ ಹಾಕಿದರೆ ಕೆಂಪು ದೀಪ. ಮೂರು ದಿನ ಷೋರೂಮಿಗೆ ಫೋನು ಮಾಡಿದರು. ಕೊನೆಗೆ ಬಂದ ಬಡಾವಣೆಯ ಎಲೆಕ್ಟ್ರಿಷಿಯನ್ ಹಿತ್ತಿಲಿನ ಅರ್ಥಿಂಗ್ ಗುಂಡಿಯನ್ನು ಕೆದಕಿದರೆ, ಹಿಂದಿನವರು ತಂತಿಯನ್ನು ಗುಂಡಿಗೆ ಸೇರಿಸದೆ ಮಣ್ಣಿನಲ್ಲಿ ಹಾಗೆಯೇ ಹೂತಿದ್ದರು. ಇಪ್ಪತ್ತು ವರ್ಷ ಫ್ರಿಡ್ಜು, ಗೀಸರು ಅದನ್ನು ಕೇಳಿರಲಿಲ್ಲ. ಕಾರು ಕೇಳಿತು. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜ್ ಆಗದಂತೆ ಅದರೊಳಗೆ ವ್ಯವಸ್ಥೆ ಇರುತ್ತದೆ. ಅದನ್ನು ಏಮಾರಿಸುವ ಉಪಾಯಗಳನ್ನು ಹೇಳಿಕೊಡುವವರೂ ಇದ್ದಾರೆ, ದಯವಿಟ್ಟು ಕೇಳಬೇಡಿ. ಎಕ್ಸ್‌ಟೆನ್ಷನ್ ವೈರಿನಲ್ಲಿ ಚಾರ್ಜ್ ಮಾಡುವುದೂ ಅಷ್ಟೇ ಕೆಟ್ಟದ್ದು. ಹದಿನೈದು ಆಂಪಿಯರ್ ಹತ್ತು ನಿಮಿಷ ಹರಿಯುವುದಕ್ಕೂ ಎಂಟು ಗಂಟೆ ಹರಿಯುವುದಕ್ಕೂ ವ್ಯತ್ಯಾಸವಿದೆ, ಸಡಿಲ ಪಿನ್ನು ಎರಡನೆಯದನ್ನು ತಡೆಯುವುದಿಲ್ಲ.

ಇನ್ನು ಗೃಹಜ್ಯೋತಿ. ತಿಂಗಳಿಗೆ ಎಂಬತ್ತು ಯೂನಿಟ್ ಬಳಸುತ್ತ ಶೂನ್ಯ ಬಿಲ್ಲು ಪಡೆಯುವ ಮನೆಗೆ ಕಾರು ಬಂದರೆ 150 ಯೂನಿಟ್ ಸೇರುತ್ತದೆ. ಒಟ್ಟು 230, ಇನ್ನೂರರ ಗೆರೆ ದಾಟಿತು, ಪೂರ್ತಿ ಬಿಲ್ಲು ಕಟ್ಟಬೇಕು. ಯೂನಿಟ್ಟಿಗೆ ಆರು ರೂಪಾಯಿ ಎಂದರೂ ಸಾವಿರದ ನಾನೂರರ ಹತ್ತಿರ. ಅಷ್ಟೇ ದೂರಕ್ಕೆ ಪೆಟ್ರೋಲಾದರೆ ಆರು ಸಾವಿರ ಆಗುತ್ತಿತ್ತು. ಹೀಗಾಗಿ ನಷ್ಟವೇನಿಲ್ಲ. ಆದರೂ ಶೂನ್ಯ ಬಿಲ್ಲಿನ ಮೇಲಿನ ಮೋಹ ದೊಡ್ಡದು. ಆ ಮೋಹಕ್ಕೆ ಬಿದ್ದು ಜನ ಅಡ್ಡದಾರಿ ಹಿಡಿದು, ಕಾರಿನ ಹೊರೆ ಮತ್ತೆ ಕಾಣದ ಹೊರೆಯಾಗಬಾರದು. ಕಾರಿಗೆ ಪ್ರತ್ಯೇಕ ಮೀಟರ್ ಇರುವುದು ಎಲ್ಲರಿಗೂ ಒಳ್ಳೆಯದೆಂದು ನನಗೆ ಅನ್ನಿಸುವುದು ಇದಕ್ಕೇ. ಯಾವ ಬೀದಿಯಲ್ಲಿ, ಯಾವ ಫೇಸಿನಲ್ಲಿ, ಎಷ್ಟು ಹೊತ್ತಿಗೆ ಹೊರೆ ಬೀಳುತ್ತಿದೆ ಎಂದು ಗೊತ್ತಾದರೆ ಟಿ.ಸಿ.ಯನ್ನು ಸುಡುವ ಮೊದಲೇ ಬದಲಿಸಬಹುದು.

ಬದಲಿಸುವ ಖರ್ಚು ಯಾರದು ಎಂಬ ಜಗಳ ಮುಂದಿದೆ. ಬೀದಿಯ ಹತ್ತು ಕಾರುಗಳಿಗಾಗಿ 100ರ ಜಾಗದಲ್ಲಿ 250 ಕೆವಿಎ ಟಿ.ಸಿ. ಕೂರಿಸಿ, ಅದರ ಹಣವನ್ನು ಎಲ್ಲರ ಬಿಲ್ಲಿನಲ್ಲಿ ಹಂಚಿದರೆ ಸೈಕಲ್ಲಿನಲ್ಲಿ ಹೋಗುವ ಮಂಡಕ್ಕಿ ಭಟ್ಟಿಯ ಕೂಲಿಯೂ ಅದಕ್ಕೆ ತೆತ್ತಂತೆ. ಹತ್ತನೆಯ ಕಾರಿನವನಿಂದ ಮಾತ್ರ ವಸೂಲಿ ಮಾಡಿದರೆ ಮೊದಲ ಒಂಬತ್ತು ಮಂದಿ ಪುಕ್ಕಟೆ ಪಾರಾದಂತೆ. ಬೋರಿನ ಕಾಲದಲ್ಲಿ ರೈತರು ಕೂಡಿ ಚಂದಾ ಎತ್ತಿದರು, ಕೆಲವೆಡೆ ಸರ್ಕಾರ ಕೊಟ್ಟಿತು, ಕೆಲವೆಡೆ ಯಾರೂ ಕೊಡದೆ ಬೆಳೆ ಒಣಗಿತು.

ಮರುದಿನ ಬೆಳಿಗ್ಗೆ ಮಾವ ಬೆಣ್ಣೆ ದೋಸೆ ತಿಂದು ಬರುತ್ತ ಮೂಲೆಯ ಟಿ.ಸಿ.ಯ ಕೆಳಗೆ ನಿಂತರು. ಕಣ್ಣು ಕಿರಿದು ಮಾಡಿ ಫಲಕ ಓದಿದರು. ನೂರು ಎಂದಿತ್ತು. ಬೀದಿಯ ಮನೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಎಣಿಸಿದರು. ಎದುರು ಮನೆಯ ಪಕ್ಕದವರೂ ಕಾರು ಬುಕ್ ಮಾಡಿದ್ದಾರೆ ಎಂದು ನಾನು ಹೇಳಿದೆ. “ಯಾವ ಫೇಸಿನಲ್ಲಿದ್ದಾರೆ, ಕೇಳು” ಎಂದರು.